ಏರ್‌ಬ್ಯಾಗಿನ ದೀಪ

ಅಂಗಡಿಯಲ್ಲಿ ಆ ಸ್ಟೀರಿಂಗ್‌ಗೆ ನಾಲ್ಕೂವರೆ ಸಾವಿರ, ಕೂಡಿಸಲು ಇನ್ನೈನೂರು. ಅಕ್ಕನಿಂದ ತಮ್ಮ ಬಿಡಿಕಾಸೂ ಮುಟ್ಟಲಿಲ್ಲ. ಹಿಡಿತ ದಪ್ಪಗಿದೆ, ನಿನ್ನ ಭುಜದ ನೋವಿಗೆ ಇದೇ ಮದ್ದು ಎಂದು ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿಕೊಟ್ಟ. ಕಾರಿನ ಬಿಡಿಭಾಗಗಳ ಅಂಗಡಿ ಅವನದೇ. ಅಕ್ಕ ಬೀದಿಯ ಮಕ್ಕಳನ್ನು ಆ ಕಾರಿನಲ್ಲಿ ಶಾಲೆಗೆ ಬಿಡುತ್ತಿದ್ದಳು. ಮನೆ ನಡೆಯುತ್ತಿದ್ದುದು ಅದರಿಂದ.

ಮನೆ ಮುಟ್ಟುವಷ್ಟರಲ್ಲಿ ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹೊತ್ತಿತ್ತು. ಕಾರು ಗುದ್ದಿದರೆ ಉಬ್ಬಿ ಎದೆ ಕಾಯುವ ಏರ್‌ಬ್ಯಾಗಿನದು. ಬ್ಯಾಟರಿಯ ತಂತಿ ಬಿಚ್ಚಿ ಹಾಕಿದಳು. ಆರಲಿಲ್ಲ. ಫ್ಯೂಸ್ ನೋಡಿದಳು, ಸರಿಯಿತ್ತು. ತಮ್ಮನಿಗೆ ಫೋನ್ ಮಾಡಿದಳು.

"ಹೊಸ ಸೊಸೆ ಬಂದ್ರೆ ಅತ್ತೆ ಮುಖ ಕೆಂಪಾಗಲ್ವಾ? ಹಾಗೇ ಇದು. ಬಿಡಕ್ಕ, ಸಂಜೆಗೆ ಸರಿ ಮಾಡ್ತೀನಿ."

ಸಂಜೆ ಅವನು ಬಂದು ಹೋದ ಮೇಲೆ ದೀಪ ಆರಿತ್ತು.

ಬೆಳಿಗ್ಗೆ ಕೀಲಿ ತಿರುಗಿಸಿದವಳು ಹಾಗೇ ಕೂತಳು. ಕೀಲಿ ತಿರುಗಿಸಿದೊಡನೆ ಎಲ್ಲ ದೀಪಗಳೂ ಒಮ್ಮೆ ಹೊತ್ತಬೇಕು, ದೋಷವಿಲ್ಲದಿದ್ದರೆ ಆರಬೇಕು. ಆಯಿಲಿನದು ಹೊತ್ತಿತು, ಬ್ರೇಕಿನದು ಹೊತ್ತಿತು. ಏರ್‌ಬ್ಯಾಗಿನ ಜಾಗ ಮಾತ್ರ ಕತ್ತಲು. ಅವನು ದೋಷ ತೆಗೆದಿರಲಿಲ್ಲ, ಬಲ್ಬನ್ನೇ ತೆಗೆದಿದ್ದ.

ಗಾಡಿ ಬರುವುದಿಲ್ಲವೆಂದು ಮಕ್ಕಳ ಮನೆಗಳಿಗೆ ಫೋನ್ ಮಾಡಿದಳು. ಕಾರನ್ನು ಒಯ್ದು ತಮ್ಮನ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿದಳು.

"ಬಲ್ಬ್ ಎಲ್ಲಿ?"

"ಯಾವ ಬಲ್ಬು?"

"ನನ್ನ ಹತ್ರ ನಾಟಕ ಬೇಡ. ನಿನಗೆ ಚಡ್ಡಿ ಹಾಕೋದು ಕಲಿಸಿದವಳು ನಾನು."

ಎದುರಿಗಿದ್ದ ಗಿರಾಕಿಯನ್ನು ನೋಡಿ ತಮ್ಮ ಹಲ್ಲು ಕಿರಿದ. "ಮೆತ್ತಗಕ್ಕ. ಈ ಸ್ಟೀರಿಂಗಿಗೆ ಏರ್‌ಬ್ಯಾಗ್ ಬರಲ್ಲ. ದೀಪ ನೋಡಿ ನೀನು ಸುಮ್ನೆ ಹೆದರ್ತಿದ್ದೆ, ತೆಗೆದೆ."

"ಹಾಕೋವಾಗ ಹೇಳೋಕೆ ಬಾಯಲ್ಲಿ ಏನು ತುಂಬ್ಕೊಂಡಿದ್ದೆ? ಗುದ್ದಿ ನಾನು ಕಣ್ಣು ಮುಚ್ಚಿದ್ರೆ ಸ್ಟೀರಿಂಗನ್ನ ಹಿಂದೆ ಕೂತ ಮಕ್ಕಳ ಕೈಗೆ ಕೊಡ್ತೀಯಾ? ತೆಗಿ ಇದನ್ನ. ನನ್ನ ಹಳೇದು ತಾ."

ತಮ್ಮ ತಲೆ ಕೆರೆದುಕೊಂಡ. "ಹಳೇದು... ಏರ್‌ಬ್ಯಾಗ್ ಸಮೇತ ಮಾರಿಬಿಟ್ಟೆ. ಒಬ್ರು ಹುಡುಕ್ತಿದ್ರು."

ಗಿರಾಕಿ ಕೈಯಲ್ಲಿದ್ದ ಹಾರ್ನ್ ಕೆಳಗಿಟ್ಟು ಮೆಲ್ಲಗೆ ಜಾರಿಕೊಂಡ.

"ಎಷ್ಟಕ್ಕೆ?"

"ಹನ್ನೆರಡು ಸಾವಿರ."

"ಅಂದ್ರೆ ನನ್ನ ಕೋಳಿ ಕೊಯ್ದು ನನಗೇ ಕಾಲು ಬಡಿಸ್ದೆ. ಮೇಲೆ ಪುಕ್ಕಟೆ ಅಂತ ಉಪಕಾರ ಬೇರೆ!"

"ಅಕ್ಕ, ಮನೆ ಜಗಳ ಬೀದಿಗೆ ಯಾಕೆ..."

"ನನ್ನ ಜೀವ ಬೀದಿಗೆ ಬಿಟ್ಟವನು ನೀನು. ಏರ್‌ಬ್ಯಾಗ್ ಬರೋ ತನಕ ಗಾಡಿ ಇಲ್ಲಿಂದ ಅಲ್ಲಾಡಲ್ಲ. ನಿನ್ನ ಗಿರಾಕಿಗಳು ಇದರ ಮೇಲೆ ಹತ್ತಿ ಇಳಿದು ಬರಲಿ."

ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಡೆದೇ ಮನೆಗೆ ಹೋದಳು.

ಕಂಪನಿಯ ಸ್ಟೀರಿಂಗೂ ಏರ್‌ಬ್ಯಾಗೂ ಬರಲು ವಾರ ಹಿಡಿಯಿತು. ಹಳೆಯದನ್ನು ಮಾರಿ ಬಂದ ಹನ್ನೆರಡು ಸಾವಿರ ಸಾಲದೆ ತಮ್ಮ ಇನ್ನಷ್ಟು ಹಣ ಕೈಯಿಂದ ಹಾಕಿದ. ಅವಳು ಕೀಲಿ ತಿರುಗಿಸಿದಳು; ಕೆಂಪು ದೀಪ ಹೊತ್ತಿ ಆರಿತು. ಗಾಡಿ ತೆಗೆದಳು.

ಅಷ್ಟರಲ್ಲಿ ಎರಡು ಮನೆಯವರು ಮಕ್ಕಳನ್ನು ಬೇರೆ ಗಾಡಿಗೆ ಹಾಕಿದ್ದರು. ಅವರು ಮರಳಿ ಬರಲಿಲ್ಲ. ತಮ್ಮ ಈಗಲೂ ಬಂದು ಉಂಡು ಹೋಗುತ್ತಾನೆ. ಕಾರನ್ನು ಮಾತ್ರ ಅವಳು ಅವನ ಕೈಗೆ ಕೊಡುವುದಿಲ್ಲ.