ಬೆಲ್ಲದ ತಪ್ಪು

"ಮತ್ತ ಬಿತ್ತು ನೋಡ್ರಿ ಅತ್ತಿ! ಗೇಣುದ್ದ ಐತಿ!"

ವಿದ್ಯಾ ಪಾಯಖಾನೆಯ ಬಾಗಿಲಲ್ಲೇ ನಿಂತು ಕೂಗಿದಳು. ಐದು ವರ್ಷದ ಮಗಳು ರಾಜೇಶ್ವರಿ ಹೆದರಿ ಅಳುತ್ತಿದ್ದಳು. ಆರು ತಿಂಗಳಲ್ಲಿ ಇದು ಮೂರನೇ ಸಲ. ಗುಳಿಗೆ ಕೊಟ್ಟರೆ ಹುಳ ಬೀಳುತ್ತಿದ್ದವು, ಎರಡು ತಿಂಗಳಿಗೆ ಮತ್ತೆ ಹೊಟ್ಟೆನೋವು ಶುರು. ಮಗು ಒಣಗಿ ಕಡ್ಡಿಯಾಗಿತ್ತು.

ಅತ್ತೆ ಶಿವಬಸವ್ವ ಒಲೆಯ ಮುಂದಿನಿಂದ ಕದಲಲಿಲ್ಲ. "ನೀ ಕದ್ದು ಬೆಲ್ಲಾ ಕೊಟ್ಟಿರಬೇಕು. ಸಿಹಿ ತಿಂದ್ರನ ಹುಳ ಆಗತಾವ."

"ಬೆಲ್ಲದಿಂದ ಆಗಂಗಿಲ್ರಿ! ಎಷ್ಟ ಸಲ ಹೇಳ್ಲಿ?"

ದಿನವಿಡೀ ಲ್ಯಾಬಿನಲ್ಲಿ ಕೂತು ಊರವರ ಮಲ ಪರೀಕ್ಷೆ ಮಾಡುವವಳು ವಿದ್ಯಾ. ಹುಳದ ತತ್ತಿ ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಅತ್ತೆ ಹಿತ್ತಲಿನ ಮಡಿಗೆ ಗಟಾರದ ನೀರು ತಿರುಗಿಸಿ ಮೆಂತ್ಯಸೊಪ್ಪು ಬೆಳೆಸುತ್ತಾಳೆ. ಕಹಿಗೆ ಹುಳ ಸಾಯುತ್ತವೆಂದು ಅದನ್ನೇ ಹಸಿಹಸಿಯಾಗಿ ರೊಟ್ಟಿಯಲ್ಲಿ ಸುತ್ತಿ ಮೊಮ್ಮಗಳಿಗೆ ತಿನ್ನಿಸುತ್ತಾಳೆ. ಔಷಧವಂತೆ, ಔಷಧ! ಹೇಳಿದರೆ ಕೋಣನ ಮುಂದೆ ಕಿನ್ನರಿ. ಗಂಡ ರಾಜಶೇಖರನೋ, "ಅವ್ವಗ ನೀನ ಹೇಳು" ಎಂದು ಬೈಕು ಹತ್ತಿ ಲಕಮನಹಳ್ಳಿಯ ಕಾರ್ಖಾನೆಗೆ ಓಡುವ ಪ್ರಾಣಿ.

ಇವತ್ತು ಅವಳಿಗೆ ಸಾಕಾಯಿತು. ಮಗಳನ್ನು ಪಕ್ಕದ ಮನೆಯ ಹುಸೇನಬಿಯ ಹತ್ತಿರ ಬಿಟ್ಟು, ಸೊಪ್ಪು ತೊಳೆದ ನೀರನ್ನು ಬಾಟಲಿಗೆ ತುಂಬಿಕೊಂಡು, ಅತ್ತೆಯನ್ನು ಆಟೊ ಹತ್ತಿಸಿ ಲ್ಯಾಬಿಗೆ ಕರೆದೊಯ್ದಳು. ತಳದ ಗಸಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕಿದಳು. ಮೂರನೆಯ ಗಾಜಿನಲ್ಲಿ ಸಿಕ್ಕಿತು.

"ನೋಡ್ರಿ. ಆ ಕಂದು ಗುಂಡಂದು ಐತಲ್ಲ, ಅದ ಹುಳದ ತತ್ತಿ. ನಿಮ್ಮ ಮೆಂತ್ಯಾದಾಗಿಂದು. ಬೆಲ್ಲಕ್ಕೂ ಇದಕ್ಕೂ ಏನೂ ಸಂಬಂಧಿಲ್ಲ, ತಿಳೀತೇನ್ರಿ?"

ಶಿವಬಸವ್ವ ಬಹಳ ಹೊತ್ತು ನೋಡಿದಳು. ಕಣ್ಣು ತೆಗೆದಾಗ ಮುಖ ಇಳಿದಿತ್ತು. ಅಂತೂ ಗೆದ್ದೆನೆಂದು ವಿದ್ಯಾಳಿಗೆ ಒಳಗೊಳಗೇ ಹಿಗ್ಗು.

"ನಿನ್ನ ಗಂಡಗಿಂತ ಮೊದಲ ನನಗೊಂದು ಹೆಣ್ಣು ಇತ್ತು. ನೀಲವ್ವ," ಎಂದಳು ಮುದುಕಿ. "ನಾಕ ವರ್ಷದ್ದು. ಹೊಟ್ಟಿ ಉಬ್ಬಿ, ಬಾಯಾಗ ಹುಳ ಬಂದು ಹೋತು. ಕಡೀ ದಿನ ಪೂರಾ ಬೆಲ್ಲಾ ಬೆಲ್ಲಾ ಅಂತ ಅತ್ತು. ಹುಳ ಹೆಚ್ಚಾಗತಾವಂತ ನಾ ಒಂದ ಚೂರೂ ಕೊಡಲಿಲ್ಲ."

ಮುದುಕಿ ಮತ್ತೊಮ್ಮೆ ಸೂಕ್ಷ್ಮದರ್ಶಕದತ್ತ ನೋಡಿದಳು.

"ಖರೇ ಹೇಳವಾ. ಬೆಲ್ಲದಿಂದ ಆಗಂಗಿಲ್ಲಾ?"

"ಒಮ್ಮೊಮ್ಮೆ ಆಗತಾವ್ರಿ ಅತ್ತಿ," ಎಂದಳು ವಿದ್ಯಾ. "ಬೆಲ್ಲದಿಂದನೂ ಆಗತಾವ."

ಕೈ ಚಾಚಿ ಸೂಕ್ಷ್ಮದರ್ಶಕದ ದೀಪ ಆರಿಸಿದಳು.