ಹದಿನೆಂಟು ಮಿಲಿಮೀಟರಿನ ಉಂಗುರ

ನಾನು ಒಂದು ಉಂಗುರ. ಬೆರಳಿಗೆ ಹಾಕುವಂಥದ್ದಲ್ಲ, ಅಂಥ ಯೋಗ ನನಗೆಲ್ಲಿಂದ ಬರಬೇಕು? ಹಿತ್ತಾಳೆ ತಗಡಿನಲ್ಲಿ ಹದಿನೆಂಟು ಮಿಲಿಮೀಟರಿನ ತೂತು ಕೊರೆದು, ಹಿಡಿ ಹಚ್ಚಿ, ಪರದೇಶಕ್ಕೆ ಹೋಗುವ ದ್ರಾಕ್ಷಿ ಅಳೆಯಲೆಂದು ನನ್ನನ್ನು ಮಾಡಿದರು. ಹಣ್ಣು ತೂತಿನಲ್ಲಿ ಸಿಕ್ಕಿಕೊಂಡರೆ ಹಡಗು ಹತ್ತುತ್ತದೆ. ನುಸುಳಿ ಬಿದ್ದರೆ ಸಣ್ಣದು, ಊರ ಸಂತೆಗೆ ಹೋಗುತ್ತದೆ. ಇಷ್ಟೇ ನನ್ನ ವಿದ್ಯೆ.

ಮೊದಲು ಒಬ್ಬ ಮೇಸ್ತ್ರಿಯ ಜೇಬಿನಲ್ಲಿದ್ದೆ. ಆಮೇಲೆ ತಿಕೋಟಾದ ಪ್ಯಾಕಿಂಗ್ ಶೆಡ್ಡಿನಲ್ಲಿ ಕಸ್ತೂರೆವ್ವನ ಕೈ ಸೇರಿದೆ. ಹದಿಮೂರು ವರ್ಷ. ಥಂಡಿ ಕೋಣೆಯಲ್ಲಿ ಬೆಳಗಿನಿಂದ ನಿಂತೇ ಕೆಲಸ. ಅವಳ ಮೊಣಕಾಲು ಸೋತಿದ್ದವು, ನನಗೂ ಸಾಕಾಗಿತ್ತು.

ನಮ್ಮ ಶೆಡ್ಡಿನ ಹೆಂಗಸರ ಬಾಯಲ್ಲಿ ‘ಪಾಸ್ ಆತು’ ಎಂದರೆ ಹಣ್ಣು ತೂತಿನಿಂದ ಕೆಳಗೆ ಹೋಯಿತು ಎಂದರ್ಥ. ಪಾಸಾದದ್ದೇ ನಪಾಸು! ಇದು ಎಲ್ಲರಿಗೂ ಗೊತ್ತಿತ್ತು, ಮೈಸೂರು ಕಡೆಯಿಂದ ಹೊಸದಾಗಿ ಬಂದ ಗುಮಾಸ್ತ ನಂಜರಾಜಯ್ಯನೊಬ್ಬನನ್ನು ಬಿಟ್ಟು.

ರೈತ ಗುರುಬಾಳಪ್ಪನ ತೋಟದ ಹಣ್ಣು ಬಂದ ದಿನ ನಾಲ್ಕು ಕ್ರೇಟು ಸಣ್ಣವಿದ್ದವು.

“ಇವು ಏನಾದವಮ್ಮಾ?” ಎಂದ ನಂಜರಾಜಯ್ಯ.

“ಪಾಸ್ ಆದ್ವುರಿ,” ಎಂದಳು ಕಸ್ತೂರೆವ್ವ, ತಲೆ ಎತ್ತದೆ.

ಅವನು ‘ಪಾಸ್’ ಎಂದು ಬರೆದ. ನಾಲ್ಕೂ ಕ್ರೇಟು ಹಡಗು ಹತ್ತಿದವು.

ತಿಂಗಳಾದ ಮೇಲೆ ಪರದೇಶದಲ್ಲಿ ಹಣ್ಣು ಕೊಂಡವರಿಂದ ಕಾಗದ ಬಂತು. ಈ ರೈತ ಸಣ್ಣ ಹಣ್ಣು ಕಲಸಿದ್ದಾನೆ, ಅವನ ತೋಟದ ನಂಬರು ರದ್ದು ಮಾಡಿ ಎಂದು. ನಂಬರು ಹೋದರೆ ಅವನ ಒಂದು ಗೊಂಚಲೂ ಗಡಿ ದಾಟುವಂತಿಲ್ಲ. ಯಾವ ದಿನ ಯಾವ ಔಷಧ ಹೊಡೆದೆ ಎಂದು ನಾಲ್ಕು ವರ್ಷ ಬರೆದಿಟ್ಟು ಪಡೆದ ನಂಬರು ಅದು. ಗುರುಬಾಳಪ್ಪ ಶೆಡ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

“ನಾ ಕಲಸಿಲ್ರೀ ಯಪ್ಪಾ,” ಎಂದು ಹೋಗಿ ಬರುವವರಿಗೆಲ್ಲ ಹೇಳತೊಡಗಿದ.

ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ. ಮ್ಯಾನೇಜರ್ ಹೊನವಾಡ ಸಾಹೇಬರ ಮುಂದೆ ಹೋಗಿ ನಿಂತಳು.

“ತಪ್ಪ ನಂದೈತ್ರಿ ಸಾಹೇಬ್ರ. ನಾ ಅಂದದ್ದ ಒಂದು, ಅವರು ಬರಕೊಂಡದ್ದ ಒಂದು.”

“ಹಂಗ ಬರದ್ರ ಶೆಡ್ಡಿನ ಸರ್ಟಿಫಿಕೇಟೂ ಹೋಗತೈತಿ, ನಿನ್ನ ಕೆಲಸಾನೂ ಹೋಗತೈತಿ,” ಎಂದರು ಸಾಹೇಬರು. “ಮಂದಿ ತಪ್ಪಿದ್ರ ನೂರೆಂಟು ಪ್ರಶ್ನೆ ಕೇಳತಾರ. ಉಂಗುರ ಕೆಟ್ಟಿತ್ತಂದ್ರ ಹೊಸಾದು ತಗೋರಿ ಅಂತಾರ, ಅಷ್ಟ.”

ಮೇಜಿನ ಮೇಲೆ ಸುತ್ತಿಗೆ ಇಟ್ಟರು.

ಕಸ್ತೂರೆವ್ವ ನನ್ನನ್ನು ಬಹಳ ಹೊತ್ತು ನೋಡಿದಳು. “ನಾನ ಬಡೀಲೇನ್ರಿ?” ಎಂದಳು. ಒಂದೇ ಏಟು. ನನ್ನ ದುಂಡನೆಯ ತೂತು ನೆಗ್ಗಿ ಕಿರಿದಾಯಿತು. ನನಗೆ ನೋವಾಯಿತು, ಅವಮಾನವೂ ಆಯಿತು.

ಶೆಡ್ಡಿಗೆ ಸರ್ಟಿಫಿಕೇಟು ಕೊಡುವ ಪರೀಕ್ಷಕಿ ತನಿಖೆಗೆ ಬಂದು ಒಂದು ಸಣ್ಣ ಹಣ್ಣು ನನ್ನಲ್ಲಿಟ್ಟು ನೋಡಿದಳು. ಅದು ಸಿಕ್ಕಿಕೊಂಡಿತು.

“ಬಿದ್ದು ನೆಗ್ಗಿತ್ರಿ,” ಎಂದಳು ಕಸ್ತೂರೆವ್ವ, ಸೆರಗಿನಿಂದ ಕಣ್ಣೊರೆಸುತ್ತ.

ಗುರುಬಾಳಪ್ಪನ ನಂಬರು ಉಳಿಯಿತು. ನನಗೆ ಕೆಂಪು ಚೀಟಿ ಕಟ್ಟಿ ಮೇಜಿನ ಖಾನೆಗೆ ಹಾಕಿದರು. ಇಲ್ಲೇ ಇದ್ದೇನೆ. ಕಸ್ತೂರೆವ್ವನ ಮೇಲೆ ಸಿಟ್ಟಿಲ್ಲ, ಸಿಟ್ಟಾಗುವಷ್ಟು ಕಸುವೂ ಉಳಿದಿಲ್ಲ. ಹದಿಮೂರು ವರ್ಷ ನಿಜವನ್ನೇ ಹೇಳಿದೆ, ಯಾರ ತೋಟವೂ ಅದರಿಂದ ಉಳಿಯಲಿಲ್ಲ. ಸುಳ್ಳು ಹೇಳಿದ್ದು ಒಂದೇ ಸಲ.