ದೀಪಸ್ತಂಭದ ಕೆಳಗೆ ಒಂದು ಹೆಸರು

ಕರೆದರೆ ಮಾತ್ರ ಇಳಿಯುವುದು ಎಂದು ಗುರುಬಸವರಾಜ ಕಂಬಿ ಹಿಡಿದು ನಿಂತ.

ಆರಕ್ಕೆ ಕಾವಲುಗಾರ ಸೀಟಿ ಊದಿದ್ದ. ಹರಪನಹಳ್ಳಿಯ ಕಾಲೇಜಿನಿಂದ ಪ್ರವಾಸ ಬಂದ ಅಧ್ಯಾಪಕರೆಲ್ಲ ಹೆಂಡತಿ ಮಕ್ಕಳೊಂದಿಗೆ ಇಳಿದು ಬಸ್ಸಿನ ಕಡೆ ನಡೆದಿದ್ದರು. ಕಾಪು ಕಡಲತೀರದ, ಇಂಗ್ಲಿಷರ ಕಾಲದ ದೀಪಸ್ತಂಭದ ನೆತ್ತಿಯಲ್ಲಿ ಉಳಿದವನು ಅವನೊಬ್ಬನೇ. ಇಪ್ಪತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ ಮೊದಲ ಸಲ ಸಮುದ್ರ ನೋಡುತ್ತಿದ್ದ. ಏನೂ ಅನಿಸಲಿಲ್ಲ. ಅನಿಸಬೇಕಿತ್ತೇನೋ ಎಂದು ನಾಚಿಕೆಯಾಯಿತು, ಅಷ್ಟೆ.

ಕೆಳಗೆ ಬಂಡೆಯ ಮೇಲೆ ಹೆಂಡತಿ ಪಾಲಮ್ಮ ಕೂತಿದ್ದಳು. ತಲೆ ಸುತ್ತುತ್ತದೆಂದು ಮೇಲೆ ಬಂದಿರಲಿಲ್ಲ.

ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಮದುವೆಯಾದ ಹೊಸದರಲ್ಲಿ ಅವನು ಲೇವಡಿ ಮಾಡಿದ್ದ. ಮಗಳು ಹುಟ್ಟಿದ ಮೇಲೆ ಆ ತಂಟೆಯೇ ಇರಲಿಲ್ಲ. ಎಂಟು ವರ್ಷ ಅವನು ‘ಕೀರ್ತನಾನ ಅಪ್ಪ’ ಆಗಿದ್ದ. ಎರಡು ವರ್ಷದ ಹಿಂದೆ ಮೆದುಳುಜ್ವರ ಬಂದು ಕೀರ್ತನಾ ಹೋದಳು. ಅಂದಿನಿಂದ ಪಾಲಮ್ಮ ಅವನನ್ನು ಏನೆಂದೂ ಕರೆದಿಲ್ಲ. ನೀರು ಕಾದೈತ್ರಿ. ಊಟಕ್ಕ ಬರ್ರಿ. ಅವಳು ಹೇಳುತ್ತಿದ್ದುದು ಇಷ್ಟೇ. ಮನೆಯಲ್ಲಿ ಇಬ್ಬರೇ ಇದ್ದುದರಿಂದ ಯಾರಿಗೆ ಹೇಳಿದ್ದೆಂದು ತಿಳಿಯುತ್ತಿತ್ತು. ಕಾಲೇಜಿನಲ್ಲಿ ಅವನು ಬರೀ ಸರ್. ತನ್ನ ಹೆಸರನ್ನು ಹಾಜರಿ ಪುಸ್ತಕದಲ್ಲಷ್ಟೇ ನೋಡುತ್ತಿದ್ದ.

ಒಮ್ಮೆಯಾದರೂ ಹೆಸರು ಹಿಡಿದು ಕರೆಯಲಿ. ಇದು ತನ್ನ ವಯಸ್ಸಿಗೆ ಒಪ್ಪುವ ಹಟವಲ್ಲ ಎಂದು ಗೊತ್ತಿತ್ತು. ಆದರೂ ಆಸೆ ಬಿಡಲಿಲ್ಲ.

ಕಾವಲುಗಾರ ಬೀಗ ಹಿಡಿದು ಅವಳ ಬಳಿ ಬಂದ. ಗಾಳಿ ಅವನ ಮಾತನ್ನು ಮೇಲಕ್ಕೆ ತಂದಿತು.

“ನಿಮ್ಮ ಯಜಮಾನರ ಹೆಸರು ಎಂತ ಅಮ್ಮ? ಕರೀರಿ ಒಮ್ಮೆ.”

ಪಾಲಮ್ಮ ಆಗದೆಂದು ತಲೆಯಾಡಿಸಿದಳು. ಮೇಲೆ ನೋಡಿ ಕೈಬೀಸಿದಳು. ಗುರುಬಸವರಾಜ ಕಾಣದವನಂತೆ ನಿಂತ. ಅವಳು ಎದ್ದು ಚಪ್ಪಲಿ ಬಿಟ್ಟು ಬಂಡೆಯ ತುದಿಗೆ ಹೋದಳು. ಹೊಲದ ಬದುವಿನಿಂದ ಕರೆಯುವವರ ಹಾಗೆ ಎರಡೂ ಕೈ ಬಾಯಿಗೆ ಹಿಡಿದಳು.

“ಕೀರ್ತನಾನ ಅಪ್ಪಾರ, ಇಳೀರಿ. ಹೊತ್ತಾತು.”

ಎರಡು ವರ್ಷದಲ್ಲಿ ಮಗಳ ಹೆಸರು ಅವರಿಬ್ಬರ ನಡುವೆ ಬಂದಿರಲಿಲ್ಲ. ಅವನಿಗೆ ಅಳು ಬಂತು. ಇಳಿಯಲು ತಿರುಗಿದ.

ಸುರುಳಿ ಮೆಟ್ಟಿಲಿನ ಒಳಗೆ ಕತ್ತಲಾಗಿತ್ತು. ಅವನ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿ, ಸೊಂಟದ ಮಟ್ಟದಲ್ಲಿ ಬೆರಳು ಬಿಡಿಸಿತು. ಮಗಳ ಜೊತೆ ಎಲ್ಲಿ ಮೆಟ್ಟಿಲಿಳಿದರೂ ಹಾಗೆಯೇ; ಅವಳು ಕೈ ಹಿಡಿದ ಮೇಲೇ ಮೊದಲ ಹೆಜ್ಜೆ.

ನೆತ್ತಿಯ ಮೇಲೆ ದೀಪ ಹೊತ್ತಿ, ದೂರದ ಹಡಗುಗಳಿಗೆ ದಾರಿ ತೋರುತ್ತ ತಿರುಗತೊಡಗಿತು. ಕೆಳಗಿನಿಂದ ಅದೇ ಕರೆ ಮತ್ತೆ ಬಂತು. ಗುರುಬಸವರಾಜ ಕೈ ಚಾಚಿಕೊಂಡು ಮೊದಲ ಮೆಟ್ಟಿಲಲ್ಲಿ ನಿಂತೇ ಇದ್ದ.